ಅಳಿಯನ ತಟ್ಟೆ

ಜಾಫಾಲಿ ತಟ್ಟೆ ತಳ್ಳಿದ ಹೊತ್ತಿಗೆ ಅವನ ಅತ್ತೆ ಅಬಿಟಿ ಜವಾದು ಹಿತ್ತಲಲ್ಲಿ ಕೂತು ಮೊರದಲ್ಲಿ ತೌಡು ಕೇರುತ್ತಿದ್ದಳು. ತಳ್ಳಿದ್ದು ಅವಳ ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ಮೊದಲು ಎನಾಮಲ್ ತಟ್ಟೆ ಜಗಲಿಯ ಮೇಲೆ ಜಾರಿದ ಸದ್ದು, ಅದರ ಹಿಂದೆಯೇ ಅಳಿಯನ ದನಿ.

"ತಗೊಂಡು ಹೋಗು ಇದನ್ನ. ಬೂದಿ ತಿಂದ ಹಾಗಿದೆ."

ಮಗಳು ಅಸಿಯಾತು ಏನೋ ಮೆಲ್ಲಗೆ ಹೇಳಿದಳು. ಅದಕ್ಕೆ ಅವನು ಇನ್ನೂ ಜೋರಾಗಿ, ಪಕ್ಕದ ಮನೆಯವರು ಒನಕೆ ನಿಲ್ಲಿಸಿ ಕೇಳಿಸಿಕೊಳ್ಳುವಷ್ಟು ಜೋರಾಗಿ ರೇಗಿದ. ಆಮೇಲೆ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದಾಯಿತು, ಅಷ್ಟೇ.

ಆ ಊರಲ್ಲಿ ಅಳಿಯಂದಿರೆಲ್ಲ ಮನೆ ಅಳಿಯಂದಿರೇ. ಮನೆ, ಹೊಲ, ಮಕ್ಕಳು ಎಲ್ಲವೂ ಹೆಂಗಸಿನ ಕಡೆಗೆ ಸೇರಿದ್ದು; ಗಂಡಸು ಒಂದು ಗುದ್ದಲಿಯನ್ನೋ ಒಂದು ಸೈಕಲ್ಲನ್ನೋ ತಂದು ಸೇರಿಕೊಳ್ಳುತ್ತಾನೆ. ಹಾಗೆ ಬಂದವನು ಅತ್ತೆಯ ಮನೆಯ ತಟ್ಟೆಯನ್ನು ತಳ್ಳಿದನೆಂದರೆ ಮನೆಯನ್ನೇ ತಳ್ಳಿದ ಲೆಕ್ಕ. ಜಾಫಾಲಿ ಅಂಥವನಲ್ಲ. ಸೈಕಲ್ಲಿನ ಹಿಂದೆ ಜನರನ್ನು ಕೂರಿಸಿಕೊಂಡು ಝೊಂಬಾ ರಸ್ತೆಯಲ್ಲಿ ಬಾಡಿಗೆ ಹೊಡೆಯುವ ಅವನು ದಿನವೂ ಉಂಡಾದ ಮೇಲೆ ಮಗಳು ರುಕಿಯಾಳ ಕೈಯಲ್ಲಿ ಖಾಲಿ ತಟ್ಟೆ ಕೊಟ್ಟು, "ಚೆನ್ನಾಗಿತ್ತು ಅಂತ ಅಜ್ಜಿಗೆ ಹೇಳು" ಎಂದು ಕಳಿಸುತ್ತಿದ್ದ. ಅತ್ತೆ ಅಳಿಯ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ, ಒಟ್ಟಿಗೆ ಉಣ್ಣುವುದಂತೂ ಕನಸಿನಲ್ಲೂ ಇಲ್ಲ. ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಏನೆಂದೂ ಕರೆದವನಲ್ಲ. ಆ "ಚೆನ್ನಾಗಿತ್ತು" ಒಂದೇ ಅವರಿಬ್ಬರ ನಡುವಿನ ಮಾತು, ಅಬಿಟಿ ಅದನ್ನು ಕೇಳಿಕೊಂಡೇ ಮಲಗುತ್ತಿದ್ದಳು.

ಈಗ ಮೊರ ಕೆಳಗಿಟ್ಟು ಒಳಗೆ ಬಂದಳು. ಮುದ್ದೆ ಮುಟ್ಟಿದಂತಿರಲಿಲ್ಲ. ಹಾಲಿನ ಕೆನೆಯಂಥ ಬಿಳೀ ಮುದ್ದೆ, ಪಕ್ಕದಲ್ಲಿ ಎಣ್ಣೆಯಲ್ಲಿ ಹುರಿದ ಎಲೆಕೋಸು.

"ಕೋಸಿನಲ್ಲಿ ಮಣ್ಣಿತ್ತೇನೇ?"

"ಮಣ್ಣೂ ಇಲ್ಲ ಏನೂ ಇಲ್ಲ. ನಾಲಿಗೆ ಉರೀತದಂತೆ. ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಬಿದ್ದಿರ್ತಾರೆ. ನಿನ್ನೆ ರುಕಿಯಾಗೆ ಹೊಡೆಯೋಕೆ ಕೈ ಎತ್ತಿದ್ರು ಅಮ್ಮ. ಯಾವತ್ತಾದ್ರೂ ಎತ್ತಿದಾರಾ?"

ಇಲ್ಲ. ಅದು ಅಬಿಟಿಗೂ ಗೊತ್ತಿತ್ತು.

ಬಿಳೀ ಹಿಟ್ಟಿನ ವಿಷಯದಲ್ಲಿ ಅಬಿಟಿಯನ್ನು ಮೀರಿಸುವವರು ಸುತ್ತಲ ಊರುಗಳಲ್ಲಿ ಇರಲಿಲ್ಲ. ಮೆಕ್ಕೆಜೋಳವನ್ನು ಒರಳಿಗೆ ಹಾಕಿ ಕುಟ್ಟಿ, ಸಿಪ್ಪೆಯನ್ನೂ ಮೊಳಕೆಯ ಕಣ್ಣನ್ನೂ ಉದುರಿಸಿ, ಕೇರಿ, ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಹುಳಿ ನೀರು ಚೆಲ್ಲಿ, ತೊಳೆದು, ಚಾಪೆಯ ಮೇಲೆ ಒಣಗಿಸಿ, ಆಮೇಲೆ ಗಿರಣಿಗೆ. ಸೋಮಾರಿ ಹೆಂಗಸರು ಒಂದೇ ಸಲ ಕುಟ್ಟುತ್ತಾರೆ, ಇವಳು ಎರಡು ಸಲ. ಮದುವೆಯೋ ಸಾವೋ ಆದರೆ ಹಿಟ್ಟಿಗೆ ಅಬಿಟಿಯನ್ನೇ ಕರೆಯುತ್ತಿದ್ದರು. ಮನೆಯಲ್ಲಿ ಆ ಹಿಟ್ಟು ಅಳಿಯನೊಬ್ಬನಿಗೇ ಮೀಸಲು. ಹೆಂಗಸರು ಮಕ್ಕಳಿಗೆ ತೌಡು ಸಮೇತ ಬೀಸಿದ ಕಂದು ಹಿಟ್ಟು, ಕಡಲೆಬೀಜದ ಪುಡಿ ಕಲಸಿದ ಕುಂಬಳದ ಸೊಪ್ಪು, ಇದ್ದರೆ ಅವರೆ, ಒಣಮೀನು. ಅಳಿಯನಿಗೆ ಅಂಥದ್ದನ್ನು ಬಡಿಸಿದರೆ ಊರು ಉಗಿಯುತ್ತದೆ. ಕಂದು ಮುದ್ದೆ ಇಟ್ಟರೆ "ಎದ್ದು ಹೋಗು" ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಸೊಪ್ಪಿಗೆ ಕಡಲೆಪುಡಿ ಹಾಕುವುದು ಬಡವರ ಉಪಾಯ; ಮರ್ಯಾದಸ್ಥರ ಮನೆಯಲ್ಲಿ ಟೊಮೇಟೊ ಹಾಕಿ ಎಣ್ಣೆಯಲ್ಲಿ ಹುರಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ, ಅಬಿಟಿಯ ಮನೆಯ ಜುಟ್ಟು ಬರಿದಾಗಿದ್ದು ಮಾತ್ರ ಯಾರೂ ಕಂಡಿರಲಿಲ್ಲ.

ಹೋದ ಮಾರ್ಚಿನ ಚಂಡಮಾರುತದಲ್ಲಿ ಫಲೊಂಬೆಯ ಕಡೆ ಗುಡ್ಡ ಜಾರಿ ಜಾಫಾಲಿಯ ತಾಯಿಯ ಮನೆ ಕೆಸರಿನಡಿ ಹೋಗಿತ್ತು. ತಾಯಿ, ತಮ್ಮ, ತಮ್ಮನ ಹೆಂಡತಿ ಎಲ್ಲರೂ ಹೋದರು. ಹುಡುಕಲು ಹೋದವನು ವಾರಗಟ್ಟಲೆ ಶಾಲೆಯ ಕೋಣೆಯೊಂದರಲ್ಲಿ ನೂರಾರು ಜನರ ನಡುವೆ ಮಲಗಿ, ತಾಯಿಯ ಒಂದು ಬಟ್ಟೆಯೂ ಸಿಗದೆ, ಕೆಮ್ಮು ಹೊತ್ತುಕೊಂಡು ಬಂದ. ಕೆಮ್ಮು ಕ್ಷಯವೆಂದಾಯಿತು. ಮಾತ್ರೆ ಶುರುವಾಯಿತು. ಕೆಮ್ಮು ಹಿಡಿತಕ್ಕೆ ಬಂದರೂ ಮನುಷ್ಯ ಹಿಡಿತಕ್ಕೆ ಬರಲಿಲ್ಲ. ಬಿಸಿಲು ತಾಗುವ ಕೈಗಳ ಮೇಲೆ ಚರ್ಮ ಕಪ್ಪಾಗಿ ಬಿರಿಯಿತು. ಕುತ್ತಿಗೆಯ ಸುತ್ತ, ಅಂಗಿಯ ಕಾಲರು ಮುಗಿಯುವಲ್ಲಿ, ಬಳ್ಳಿಯಂತೆ ಒಂದು ಸುತ್ತು ಗಾಯವೆದ್ದಿತು.

ಆ ಸುತ್ತನ್ನು ನೋಡಿದ್ದೇ ಅಬಿಟಿಯ ಅಣ್ಣ ಸ್ಟಂಬುಲಿಗೆ ಸಾಕಾಯಿತು. ಆ ವಂಶದ ಹೆಂಗಸರೆಲ್ಲರ ಹಿರಿಯ ಅವನು. ಯಾರ ಮಗಳಿಗೆ ಯಾರು ಗಂಡ, ಯಾವ ಅಳಿಯ ಇರಬೇಕು, ಯಾವನು ಹೋಗಬೇಕು ಎನ್ನುವುದೆಲ್ಲ ಅವನ ಬಾಯಲ್ಲಿ. ತಟ್ಟೆ ತಳ್ಳಿದ ಸುದ್ದಿ ಅವನಿಗೆ ತಲುಪಲು ಎಷ್ಟು ಹೊತ್ತು? ಸಂಜೆಗೆ ಕೋಲು ಊರಿಕೊಂಡು ಬಂದ.

"ಅದು ಹಗ್ಗದ ಗುರುತು ಕಣಮ್ಮ," ಎಂದ. "ಸತ್ತವರು ಕರೀತಿದಾರೆ. ಕೆಸರಿಂದ ಹಗ್ಗ ಎಸೆದು ಎಳೀತಿದಾರೆ. ಎಳೆಯೋ ಹಗ್ಗದ ಜೊತೆ ನಮ್ಮ ಹುಡುಗೀನೂ ಹೋಗ್ಬೇಕಾ?"

"ಅವನಿಗೆ ಅಲ್ಲಿ ಮನೆ ಎಲ್ಲಿದೆ ಅಣ್ಣ? ಕೆಸರಿಗೆ ಕಳಿಸ್ತೀಯಾ?"

"ಚಿಕ್ಕಪ್ಪಂದಿರು ಇರ್ತಾರೆ. ಅವರ ರಕ್ತ, ಅವರು ನೋಡ್ಕೋತಾರೆ. ಈ ಮನೇಲಿ ಎಲ್ಲರೂ ಒಂದೇ ಒಲೆ ಊಟ ಉಣ್ತೀರಿ. ಉಳಿದವರಿಗೆ ಇಲ್ಲದ ರೋಗ ಇವನೊಬ್ಬನಿಗೆ ಯಾಕೆ ಬಂತು, ಹೇಳು ನೋಡೋಣ."

ಮಳೆಗೆ ಮುಂಚೆ ತೀರಿಹೋದ ನಮ್ಮ ತಾಯಿಯ ಹೆಸರಿನಲ್ಲಿ ಸದಾಕಾ, ಪುಣ್ಯದ ಊಟ, ಇಟ್ಟುಕೊಂಡಿದ್ದೇವೆ, ವಂಶವೆಲ್ಲ ಸೇರುತ್ತದೆ, ಅಲ್ಲಿ ಎಲ್ಲರೆದುರು ತೀರ್ಮಾನ ಹೇಳುತ್ತೇನೆ ಎಂದ ಸ್ಟಂಬುಲಿ. ಅಷ್ಟರೊಳಗೆ ಮನುಷ್ಯ ಸರಿಹೋದರೆ ಸರಿ, ಇಲ್ಲವಾದರೆ ಸೈಕಲ್ಲು ಹತ್ತಿಸಿ ಕಳಿಸುವುದೇ ಎಂದು ಎದ್ದ.

ಅವನ ಕೋಲಿನ ಸದ್ದು ಬೇಲಿ ದಾಟಿದ ಮೇಲೆ ಅಬಿಟಿ ಸೊಂಟಕ್ಕೆ ಬಟ್ಟೆ ಬಿಗಿದು ಎದ್ದಳು. "ನನ್ನ ಅಳಿಯನನ್ನ ನಾನು ಕಳಿಸೋದಿಲ್ಲ," ಎಂದು ಮಗಳಿಗೆ ಹೇಳಿದಳು. "ಉಣ್ಣದೆ ಹೀಗಾಗಿದಾನೆ. ಉಣ್ಣೋ ಹಾಗೆ ಮಾಡ್ತೀನಿ."

ಮಾಡಿದಳು. ತನಗೆ ಗೊತ್ತಿದ್ದನ್ನೇ ಮಾಡಿದಳು. ಎರಡು ಸಲ ಕುಟ್ಟುತ್ತಿದ್ದ ಜೋಳವನ್ನು ಮೂರು ಸಲ ಕುಟ್ಟಿದಳು. ನೆನೆಹಾಕುವುದನ್ನು ಇನ್ನೂ ಒಂದು ದಿನ ಹೆಚ್ಚಿಸಿದಳು. ತೋಳು ನೋಯುವಷ್ಟು ತೊಳೆದಳು. ಹಿಟ್ಟು ಹತ್ತಿಯಷ್ಟು ಬಿಳುಪಾಯಿತು, ಮುದ್ದೆ ಬಾಯಲ್ಲಿಟ್ಟರೆ ಕರಗುವಂತಾಯಿತು. ಹುಣ್ಣಾದ ಬಾಯಿಗೆ ಇದು ಹಿತ ಎಂದುಕೊಂಡಳು ಪಾಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಜಾಫಾಲಿ ನಾಲ್ಕು ತುತ್ತು ನುಂಗಿ ಮಲಗುತ್ತಿದ್ದ, ಮಲಗಿದವನು ನಿದ್ದೆ ಮಾಡುತ್ತಿರಲಿಲ್ಲ, ಹಗಲಲ್ಲಿ ಹೊಟ್ಟೆ ಹಿಡಿದುಕೊಂಡು ಮತ್ತೆಮತ್ತೆ ಹಿತ್ತಲಿಗೆ ಹೋಗುತ್ತಿದ್ದ.

ಅಸಿಯಾತು ತನ್ನದೇ ದಾರಿ ಹಿಡಿದಳು. ಸಂತೆಯಲ್ಲಿ ಮೈಕು ಹಿಡಿದು ಕೂಗುವವನ ಹತ್ತಿರ ಒಂದು ಕೆಂಪು ಬಾಟಲಿ ತಂದಳು. ರಕ್ತಕ್ಕೆ, ನರಕ್ಕೆ, ಚಿಂತೆಗೆ, ಸೊಂಟಕ್ಕೆ, ಗಂಡ ಹೆಂಡಿರ ಜಗಳಕ್ಕೆ, ಎಲ್ಲದಕ್ಕೂ ವಿಟಮಿನ್ನು ಇದರಲ್ಲಿದೆ ಎಂದು ಅವನು ಆಣೆ ಇಟ್ಟಿದ್ದನಂತೆ. ಅಬಿಟಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ರುಕಿಯಾ ಮುಚ್ಚಳದಲ್ಲಿ ಸುರಿದು ನೆಕ್ಕಿ ತೀರ್ಪು ಕೊಟ್ಟಳು:

"ಸಕ್ಕರೆ ಪಾಕ. ಇನ್ನೊಂದು ಮುಚ್ಚಳ ಕೊಡಮ್ಮ."

"ನಾನು ಮೈ ಮುರಿದು ಹಿಟ್ಟು ಮಾಡ್ತಿದೀನಿ," ಅಬಿಟಿ ಸಿಡುಕಿದಳು, "ನೀನು ಸಂತೆ ಸುಳ್ಳು ಕೊಂಡು ತರ್ತೀಯಾ."

"ನಿನ್ನ ಹಿಟ್ಟಿಂದ ಏನಾಯ್ತು ಹೇಳು. ಮೂಳೆ ಎಣಿಸೋ ಹಾಗಾಗಿದಾರೆ."

ಆ ಮಾತಿಗೆ ತಾಯಿ ಮಗಳು ಎರಡು ದಿನ ಮುಖ ತಿರುಗಿಸಿಕೊಂಡು ಅಡುಗೆ ಮಾಡಿದರು.

ಮೂರನೆಯ ದಿನ ಜಾಫಾಲಿ ಸಂತೆಗೆ ಹೋದವನು ನಡೆದುಕೊಂಡು ಬಂದ. ಸೈಕಲ್ಲು ಎಲ್ಲಿ ಎಂದರೆ ಯಾವ ಸೈಕಲ್ಲು ಎಂದ. ಜೊತೆಯ ಸವಾರನೊಬ್ಬ ಅದನ್ನು ತಳ್ಳಿಕೊಂಡು ಬಂದು ಬೇಲಿಗೆ ಒರಗಿಸಿ, ಜಾಫಾಲಿ ಬಾಡಿಗೆಗೆ ಹತ್ತಿಸಿಕೊಂಡ ಹೆಂಗಸನ್ನು ನಡುರಸ್ತೆಯಲ್ಲೇ ಇಳಿಸಿ, ಸೈಕಲ್ಲನ್ನೂ ಬಿಟ್ಟು ಹೊರಟುಬಿಟ್ಟನೆಂದು ತಲೆ ತಗ್ಗಿಸಿ ಹೇಳಿದ. ಅಸಿಯಾತು ಅಂದೇ ಆ ಸವಾರನನ್ನು ಹಿಡಿದು ನಿಲ್ಲಿಸಿ ಗಂಡನನ್ನು ಹಿಂದೆ ಕೂರಿಸಿ ಆಸ್ಪತ್ರೆಯ ದಾರಿ ಹಿಡಿಸಿದಳು, ತಾನು ಪಕ್ಕದಲ್ಲಿ ಓಡುನಡಿಗೆ ಹಾಕಿದಳು. ಅಬಿಟಿ ಅಳಿಯನಿಗೆ ಕಾಣದಷ್ಟು ದೂರ ಬಿಟ್ಟುಕೊಂಡು ಅವರ ಹಿಂದೆ ನಡೆದಳು.

ಕೋಣೆಯೊಳಗೆ ಅವಳು ಹೋಗುವಂತಿರಲಿಲ್ಲ, ಅಳಿಯ ಅಂಗಿ ಬಿಚ್ಚಿರುತ್ತಾನೆ. ಹೊರಗೆ ಕಿಟಕಿಯ ಕೆಳಗೆ ಕೂತಳು. ಒಳಗಿದ್ದದ್ದು ಚಿರಾಂಬೊ ಎನ್ನುವ ಉತ್ತರದ ಕಡೆಯ ಹೆಂಗಸು, ವೈದ್ಯಾಧಿಕಾರಿ. ಕೈ ನೋಡಿದಳು, ಕುತ್ತಿಗೆ ನೋಡಿದಳು, ನಾಲಿಗೆ ಚಾಚು ಎಂದಳು. ಕ್ಷಯದ ಮಾತ್ರೆಯ ಚೀಟಿ ನೋಡಿದಳು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯೇ ಎಂದು ಕೇಳಿದಳು.

"ಯಾರಿಗೂ ಇಲ್ಲ," ಅಸಿಯಾತು ಹೇಳಿದಳು.

"ಇವರು ಏನು ಉಣ್ತಾರೆ? ನೀವು ಉಣ್ಣೋದನ್ನೇನಾ?"

"ಅಯ್ಯೋ ಇಲ್ಲ ಮೇಡಂ. ಇವರ ತಟ್ಟೆ ಬೇರೆ." ಮಗಳ ದನಿಯಲ್ಲಿ ಹೆಮ್ಮೆ ಇತ್ತು. "ಬಿಳೀ ಹಿಟ್ಟು, ನಮ್ಮಮ್ಮ ಮೂರು ಸಲ ಕುಟ್ಟಿ ಮಾಡಿದ್ದು. ಎಣ್ಣೇಲಿ ಹುರಿದ ಕೋಸು. ನಮ್ಮ ಥರ ತೌಡಿನ ಮುದ್ದೆ, ಕಡಲೆಪುಡಿ ಸೊಪ್ಪು ಇವರಿಗೆ ಹಾಕೇ ಇಲ್ಲ."

ಕಿಟಕಿಯ ಕೆಳಗೆ ಅಬಿಟಿ ನೆಟ್ಟಗೆ ಕೂತಳು. ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಲೆ ಒಂದೇ, ತಟ್ಟೆ ಮಾತ್ರ ಬೇರೆ.

ಚಿರಾಂಬೊ ಗದರಲಿಲ್ಲ. ಬಿ ಗುಂಪಿನ ಒಂದು ವಿಟಮಿನ್ನು ಈ ಮೈಯಲ್ಲಿ ತಳ ಕಂಡಿದೆ ಎಂದಳು. ಚರ್ಮ, ಬಾಯಿ, ಹೊಟ್ಟೆ, ನಿದ್ದೆ, ನೆನಪು, ಸಿಟ್ಟು ಎಲ್ಲಕ್ಕೂ ಅದು ಬೇಕು. ಜೋಳದಲ್ಲಿ ಇರುವುದೇ ಸ್ವಲ್ಪ, ಕುಟ್ಟಿ ತೊಳೆದರೆ ಅದೂ ಹೋಗುತ್ತದೆ. ಕಡಲೆಬೀಜ, ಮೀನು, ಅವರೆಕಾಳು ಆ ಕೊರತೆ ತುಂಬುತ್ತವೆ. ಕ್ಷಯದ ಮಾತ್ರೆಯೂ ಅದನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ, ಆದರೆ ಆ ಮಾತ್ರೆ ನಿಲ್ಲಿಸಬಾರದು. ಸಾವು, ಕಾಯಿಲೆ, ಚಿಂತೆ ಬಂದಾಗ ಊಟ ಸೇರುವುದಿಲ್ಲ, ಮೈಗೆ ಬೇಕಾಗುವುದು ಮಾತ್ರ ಹೆಚ್ಚು.

ಆಗ ಜಾಫಾಲಿ ಮೊದಲ ಸಲ ಬಾಯಿ ಬಿಟ್ಟ. "ವಿಟಮಿನ್ ತಿಂದ್ರೆ ನಮ್ಮಮ್ಮ ಬರ್ತಾರಾ?"

"ಬರಲ್ಲಪ್ಪ," ಎಂದಳು ಆಕೆ. "ಆದ್ರೆ ತಾಯಿಗೋಸ್ಕರ ಅಳೋದಕ್ಕೂ ಮೈಯಲ್ಲಿ ಕಸು ಬೇಕು. ಅದನ್ನ ಕೊಡಬಹುದು. ಅಷ್ಟೇ ನನ್ನ ಕೈಲಿರೋದು."

ಮಾತ್ರೆಗಳನ್ನು ಕೊಟ್ಟು ಅಸಿಯಾತುವಿಗೆ ಹೇಳಿದಳು: "ಇದು ಮುಗಿಯೋ ಹೊತ್ತಿಗೆ ಗಾಯ ಮಾಯುತ್ತೆ. ತಟ್ಟೆ ಹೀಗೇ ಇದ್ರೆ ಮತ್ತೆ ಬರ್ತೀರಿ. ಮಾತ್ರೆ ಮುಗಿಯುತ್ತಮ್ಮ, ಊಟ ಮುಗಿಯಲ್ಲ."

ಮನೆಗೆ ಬಂದದ್ದೇ ಜಗಳ ಶುರು. ಇನ್ನು ಮೇಲೆ ಇವರೂ ನಮ್ಮ ಮುದ್ದೆಯನ್ನೇ ಉಣ್ಣಲಿ ಎಂದಳು ಅಸಿಯಾತು.

"ಅಳಿಯನಿಗೆ ಕೋಳಿ ತಿನ್ನೋ ತೌಡು ಹಾಕ್ಲಾ? ಊರಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ ನಾನು?"

"ಬೆಳ್ಳಗಿರೋದೆಲ್ಲ ಹಾಲಲ್ಲ ಅಮ್ಮ. ಅವರು ಹೇಳಿದ್ದು ಕೇಳಿಸ್ಕೊಂಡೆ ತಾನೆ ನೀನೂ?"

"ಕೇಳಿಸ್ಕೊಂಡೆ. ಹಾಗಾದ್ರೆ ಹೇಳಿಬಿಡು, ಊರಿಗೆಲ್ಲ ಹೇಳು, ಅತ್ತೆ ಅಳಿಯನಿಗೆ ವಿಷ ಹಾಕಿದ್ಲು ಅಂತ." ಹಾಗೆಂದವಳಿಗೆ ಅಳು ಬಂತು. ಅಳುವುದನ್ನು ಮಗಳಿಗೆ ತೋರಿಸದೆ ಹಿತ್ತಲಿಗೆ ಹೋದಳು. ಇಷ್ಟು ವರ್ಷ ತೋಳು ಸವೆಸಿ ಕೊಟ್ಟ ಮರ್ಯಾದೆಯೇ ಅವನ ಮೈ ತಿಂದಿತೆಂದರೆ ಯಾವ ಹೆಂಗಸಿಗೆ ತಡೆಯುತ್ತದೆ?

ಹಿತ್ತಲಲ್ಲಿ ಕೋಳಿಗಳು ಅಂದಿನ ತೌಡಿಗೆ ಮುತ್ತಿಕೊಂಡಿದ್ದವು. ಪುಕ್ಕ ಹೊಳೆಯುತ್ತಿತ್ತು, ಎದೆ ತುಂಬಿಕೊಂಡಿತ್ತು, ಹುಂಜವಂತೂ ಊರ ಮುಖಂಡನಂತೆ ನಡೆಯುತ್ತಿತ್ತು. ರುಕಿಯಾ ಒರಳಿನ ಅಂಚಿಗೆ ಒರಗಿ ಅವನ್ನೇ ನೋಡುತ್ತಿದ್ದಳು.

"ಅಜ್ಜಿ, ನಿನ್ನ ಅಳಿಯ ಯಾರು? ಅಪ್ಪನಾ, ಈ ಹುಂಜಾನಾ?"

ಅಬಿಟಿ ಮೊರ ಎತ್ತಿದಳು. ರುಕಿಯಾ ಓಡಿದಳು. ಹುಂಜ ಓಡಲಿಲ್ಲ.

ಮರುದಿನ ಬೆಳಿಗ್ಗೆ ಅಸಿಯಾತು ಕೊಳಾಯಿಗೆ ಹೋದ ಮೇಲೆ ಅಬಿಟಿ, ಕಣಜದ ಪಕ್ಕದಲ್ಲಿ ಬಿತ್ತನೆಗೆಂದು ಬಾಯಿ ಕಟ್ಟಿಟ್ಟಿದ್ದ ಕಡಲೆಕಾಯಿಯ ಮಡಕೆಯನ್ನು ಬಿಚ್ಚಿದಳು. ಬಿತ್ತನೆ ಬೀಜ ತಿನ್ನುವವರನ್ನು ಅವಳೇ ಎಷ್ಟೋ ಸಲ ಬಾಯಿಗೆ ಬಂದಂತೆ ಬೈದಿದ್ದಳು. ಅರ್ಧ ತೆಗೆದು ಸುಲಿದಳು, ಕುಟ್ಟಿದಳು. ಕುಂಬಳದ ಸೊಪ್ಪು ಬೇಯಿಸಿ ಪುಡಿ ಕಲಸಿದಳು. ಕಂದು ಹಿಟ್ಟಿನ ಮುದ್ದೆ ತಿರುವಿ, ಅಳಿಯನ ತಟ್ಟೆಯಲ್ಲಿಟ್ಟು, ಮುಚ್ಚಿ, ರುಕಿಯಾಳ ಕೈಲಿ ಕಳಿಸಿದಳು. ಮನಸ್ಸು ಮಾಡಿದ ಮೇಲೆ ತಡಮಾಡುವ ಹೆಂಗಸಲ್ಲ ಅವಳು. ಅಳಿಯನಿಗೆ ಮೊದಲೇ ಒಂದು ಮಾತು ಹೇಳಿಸಬೇಕಿತ್ತು ಎನ್ನುವುದು ಆ ಆತುರದಲ್ಲಿ ಹೊಳೆಯಲಿಲ್ಲ. ಮಗಳು ಹೇಳಿರುತ್ತಾಳೆ ಎಂದು ಅವಳು, ತಾಯಿ ಇನ್ನೂ ಒಪ್ಪಿಲ್ಲವಲ್ಲ ಎಂದು ಮಗಳು.

ಸ್ವಲ್ಪ ಹೊತ್ತಿಗೆ ರುಕಿಯಾ ಓಡಿ ಬಂದಳು.

"ಅಜ್ಜಿ, ಅಪ್ಪ ಮುಚ್ಚಳ ತೆಗೆದು ನೋಡಿದ್ರು. ಮತ್ತೆ ಮುಚ್ಚಿಬಿಟ್ರು. ಈಗ ಬಟ್ಟೆ ಗಂಟು ಕಟ್ತಿದಾರೆ."

ಅಬಿಟಿ ಸೌಟು ಬಿಸಾಡಿ ಎದ್ದಳು. ಕಂದು ಮುದ್ದೆಗೆ ಆ ಊರಲ್ಲಿ ಇರುವುದು ಒಂದೇ ಅರ್ಥ; ಆಸ್ಪತ್ರೆಯ ಮಾತು ನೆನಪಲ್ಲಿ ನಿಲ್ಲದ ಜಾಫಾಲಿ ಆ ಅರ್ಥವನ್ನೇ ತೆಗೆದುಕೊಂಡಿದ್ದ. ಕೂಗಾಡದೆ, ಕೇಳದೆ, ಮರ್ಯಾದಸ್ಥ ಅಳಿಯ ಹೊರಡುವ ಹಾಗೆ ಹೊರಟಿದ್ದ. ಸೊಂಟದ ಬಟ್ಟೆ ಸಡಿಲಾಗಿದ್ದನ್ನೂ ನೋಡದೆ ಅವಳು ಮನೆ ಸುತ್ತಿ ಬಂದಳು. ಜಗಲಿಗೂ ಹಿತ್ತಲಿಗೂ ನಡುವೆ ಜೊಂಡಿನ ತಡಿಕೆ. ಅದರಾಚೆ ಅವನು ಸೈಕಲ್ಲಿಗೆ ಗಂಟು ಬಿಗಿಯುವುದು ಕಾಣುತ್ತಿತ್ತು. ದಾಟಿ ಹೋಗಿ ಕೈ ಹಿಡಿಯುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಅಷ್ಟರಲ್ಲಿ ಕಾಲ ಬಳಿ ಒಂದು ಹೇಂಟೆ ಬಂತು.

"ಲೇ ಕೋಳಿ, ಕೇಳಿಸ್ಕೋ," ಅಬಿಟಿ ಗಟ್ಟಿಯಾಗಿ ಹೇಳಿದಳು. "ಈ ಮನೆಯಿಂದ ಯಾರೂ ಯಾರನ್ನೂ ಓಡಿಸ್ತಿಲ್ಲ. ಇಷ್ಟು ದಿನ ನಾನು ಒಬ್ಬರ ಪಾಲಿನದ್ದನ್ನ ತೆಗೆದು ನಿನಗೆ ಹಾಕಿದೀನಿ. ನಿನ್ನ ಮೈ ಹೊಳೀತಿದೆ, ಅವರ ಮೈ ಸುಲೀತಿದೆ. ಮರ್ಯಾದೆ ಅಂದ್ಕೊಂಡೆ. ತಪ್ಪಾಯ್ತು. ಇವತ್ತಿಂದ ಅವರದ್ದು ಅವರಿಗೇ. ಬಿತ್ತನೆ ಬೀಜ ಒಡೆದು ಮಾಡಿದೀನಿ, ಓಡಿಸೋರಿಗೆ ಯಾರಾದ್ರೂ ಬಿತ್ತನೆ ಬೀಜ ಹಾಕ್ತಾರಾ? ಅವರು ಉಂಡ್ರೆ ನಾನು ಉಣ್ತೀನಿ. ಉಣ್ಣದೆ ಬೇಲಿ ದಾಟಿದ್ರೆ ಈ ಒಲೆ ಹಚ್ಚಲ್ಲ."

ತಡಿಕೆಯಾಚೆ ಹಗ್ಗ ಬಿಗಿಯುವ ಸದ್ದು ನಿಂತಿತು. ಹೇಂಟೆ ಹೊರಟುಹೋಯಿತು.

ಕೊನೆಗೆ ಜಾಫಾಲಿ ಸೈಕಲ್ಲಿನ ಸೀಟು ತಟ್ಟಿದ. "ಸೈಕಲ್ಲೇ," ಎಂದ, ದನಿ ಒಡೆದಿತ್ತು, "ಇವತ್ತು ಬಾಡಿಗೆ ಇಲ್ಲ ಕಣೋ. ಒಳಗೆ ಹೋಗೋಣ."

ಅಂದು ಖಾಲಿ ತಟ್ಟೆ ಬರಲಿಲ್ಲ, ಅರ್ಧ ಉಳಿದಿತ್ತು. ಆದರೆ ಅರ್ಧ ಖಾಲಿಯಾಗಿತ್ತು.

ಮಾತ್ರೆಯೂ ತಟ್ಟೆಯೂ ಕೂಡಿ ಕೆಲಸ ಶುರುಮಾಡಿದವು. ಮೊದಲು ಬಂದದ್ದು ನಿದ್ದೆ. ಒಂದು ಮಧ್ಯಾಹ್ನ ಮಾವಿನ ಮರದಡಿ ಒರಗಿದವನು ಬಾಯಿ ತೆರೆದು ಗೊರಕೆ ಹೊಡೆದ. ಅಸಿಯಾತು ಆ ಗೊರಕೆಯ ಪಕ್ಕ ಕೂತು ಬಟ್ಟೆ ಹೊಲಿದಳು, ರುಕಿಯಾ ನಗದಂತೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಭೇದಿ ನಿಂತಿತು. ಕೈಯ ಕಪ್ಪು ಪೊರೆ ಕಳಚಿ ಅಡಿಯಿಂದ ಎಳೆಯ ಚರ್ಮ ಬಂತು. ಮಗಳನ್ನು ಕರೆದು, ಆವತ್ತು ಕೈ ಎತ್ತಿದ್ದಕ್ಕೆ ಕ್ಷಮಿಸು ಎಂದು ಕೇಳಿದ. ಒಂದು ದಿನ ತಾಯಿಯನ್ನು ನೆನೆದು ಅತ್ತ, ಚಂಡಮಾರುತದ ನಂತರ ಮೊದಲ ಸಲ ದನಿ ತೆಗೆದು ಅತ್ತ. ಅಬಿಟಿ ಅಡುಗೆಮನೆಯಲ್ಲಿ ಕೂತು ಅದನ್ನು ಕೇಳಿ, ಇವನು ಇನ್ನು ಬದುಕುತ್ತಾನೆ ಎಂದುಕೊಂಡಳು.

ಜಾಫಾಲಿ ಬಾಡಿಗೆಗೆ ಮತ್ತೆ ಹೊರಡುವ ಹೊತ್ತಿಗೆ ಊರು ಸುಮ್ಮನಿರಲಿಲ್ಲ. ಅಬಿಟಿಯ ಒರಳಿನ ಸದ್ದು ಕಡಿಮೆಯಾದದ್ದನ್ನು ಪಕ್ಕದ ಮನೆಯವರು ಗಮನಿಸಿದರು. ಗಿರಣಿಯಲ್ಲಿ ಅವಳ ಬುಟ್ಟಿಯನ್ನು ಬಗ್ಗಿ ನೋಡಿದರು. ಅಳಿಯನನ್ನು ಓಡಿಸುವುದಕ್ಕೆ ಅಬಿಟಿಯೂ ಅಣ್ಣನ ಜೊತೆ ಸೇರಿದ್ದಾಳೆ ಎಂದು ಒಬ್ಬರು, ಕಣಜ ಬರಿದಾಗಿದೆ ಎಂದು ಇನ್ನೊಬ್ಬರು. ಸ್ಟಂಬುಲಿಗೆ ಗಾಯ ವಾಸಿಯಾದದ್ದೂ ತಿಳಿಯಿತು. ಹಗ್ಗ ಸಡಿಲಾದ ಮಾತ್ರಕ್ಕೆ ಬಿಚ್ಚಿದ ಹಾಗಲ್ಲ ಎಂದುಬಿಟ್ಟ. ಆಸ್ಪತ್ರೆಯ ಮಾತನ್ನು ಅಸಿಯಾತು ಅವನೆದುರು ಒಪ್ಪಿಸಿದಳು. ಬಿಳೀ ಹಿಟ್ಟು ತಿಂದು ನಮ್ಮ ಅಪ್ಪ ತೊಂಬತ್ತು ಬಾಳಿದ ಎಂದು ಅವನು ನಕ್ಕ. ಆ ಅಪ್ಪ ದಿನವೂ ಕೆರೆಯ ಮೀನು ತಿನ್ನುತ್ತಿದ್ದ ಎನ್ನುವುದು ಅಬಿಟಿಗೆ ನೆನಪಾಯಿತು.

ಸದಾಕಾ ದಿನ ಸ್ಟಂಬುಲಿಯ ಅಂಗಳ ತುಂಬಿತ್ತು. ಶೇಖ್ ದುವಾ ಮುಗಿಸಿದರು. ಗಂಡಸರು ಮರದಡಿ ಚಾಪೆಗಳ ಮೇಲೆ ಸಾಲಾಗಿ ಕೂತರು, ಜಾಫಾಲಿ ಅಳಿಯಂದಿರ ಸಾಲಿನ ತುದಿಯಲ್ಲಿ. ಹಿತ್ತಲಲ್ಲಿ ದೊಡ್ಡ ಹಂಡೆಗಳಲ್ಲಿ ಬಿಳೀ ಮುದ್ದೆ ತಿರುವುತ್ತಿದ್ದ ಹೆಂಗಸರು ಅಬಿಟಿಯ ಹಿಟ್ಟಿಲ್ಲದ ಸದಾಕಾ ಇದೇ ಮೊದಲು ಎಂದು ಪಿಸುಗುಟ್ಟಿದರು. ಅಬಿಟಿ ಮೂಲೆಯಲ್ಲಿ ತನ್ನದೇ ಸಣ್ಣ ಮಡಕೆ ಇಟ್ಟುಕೊಂಡು ಕೂತಿದ್ದಳು. ಒಂದು ದಿನ ಬಿಳೀ ಮುದ್ದೆ ಉಂಡರೆ ಅಳಿಯನಿಗೆ ಏನೂ ಆಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಅವಳು ಕಾಯುತ್ತಿದ್ದುದು ಅಣ್ಣನ ದನಿಗೆ.

ದನಿ ಬಂತು. ಊಟಕ್ಕೆ ಮುಂಚೆ ಮನೆಯ ಒಂದು ವಿಷಯ ಇದೆ ಎಂದ ಸ್ಟಂಬುಲಿ. ಜಾಫಾಲಿ ಕೆಟ್ಟವನಲ್ಲ, ಆದರೆ ಅವನ ಕುತ್ತಿಗೆಯ ಹಗ್ಗ ಎಲ್ಲರೂ ನೋಡಿದ್ದೇ, ಮಳೆ ಹಿಡಿಯುವ ಮುಂಚೆ ಅವನು ತನ್ನವರ ಕಡೆಗೆ ಹೋಗುವುದು ಅವನಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಜಾಫಾಲಿ ತಲೆ ಎತ್ತಲಿಲ್ಲ.

ಅಬಿಟಿ ಎದ್ದಳು. ತಟ್ಟೆಗೆ ಕಂದು ಮುದ್ದೆ ಹಾಕಿದಳು, ಪಕ್ಕದಲ್ಲಿ ಕಡಲೆಪುಡಿಯ ಸೊಪ್ಪು, ಮೇಲೆ ನಾಲ್ಕು ಒಣಮೀನು. ಮುಚ್ಚಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಎದೆಯ ಮಟ್ಟಕ್ಕೆ ಹಿಡಿದು ಗಂಡಸರ ಚಾಪೆಗಳ ನಡುವೆ ನಡೆದಳು. ಅಳಿಯನ ಮುಂದೆ ತಟ್ಟೆ ಇಟ್ಟು, ಅವನೆದುರೇ ಕೂತಳು.

"ಏನಿದು?" ಸ್ಟಂಬುಲಿ ಕೇಳಿದ. "ನಾಚಿಕೆ ಇಲ್ವಾ ನಿನಗೆ?"

"ಇದೆ ಅಣ್ಣ. ತುಂಬಾ ಇದೆ. ಅದಕ್ಕೇ ಬಂದೆ." ಅಳಿಯನ ಕುತ್ತಿಗೆಯ ಕಡೆ ಕೈ ತೋರಿಸಿದಳು. "ಆ ಹಗ್ಗ ಸತ್ತವರು ಹಾಕಿದ್ದಲ್ಲ. ಅವರ ಪಾಡಿಗೆ ಅವರು ಮಲಗಿದಾರೆ, ಸುಮ್ನೆ ಅವರ ಹೆಸರು ಎತ್ತಬೇಡ. ತಾಯಿ ಸತ್ತು, ಕೆಮ್ಮು ಬಂದು, ಇವನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಅಂಥ ಹೊತ್ತಲ್ಲಿ ನಾನು ಸಾರ ಎಲ್ಲ ತೊಳೆದು ಚೆಲ್ಲಿ, ಬರೀ ಬಿಳುಪು ಬಡಿಸ್ದೆ. ಈ ತಟ್ಟೆ ಉಂಡು ಗಾಯ ಮಾಯ್ದಿದೆ, ಕುತ್ತಿಗೆ ನೋಡಿ. ಕಳಿಸೋದಿದ್ರೆ ಹಗ್ಗ ಹಾಕಿದೋಳನ್ನ ಕಳಿಸು."

ಅಬಿಟಿ ಕೈ ತೊಳೆದಳು. ತಟ್ಟೆಯಿಂದ ಒಂದು ತುತ್ತು ಮುರಿದು, ಸೊಪ್ಪಿನಲ್ಲಿ ಅದ್ದಿ, ಅಳಿಯನ ಕಣ್ಣೆದುರೇ ಬಾಯಿಗಿಟ್ಟುಕೊಂಡಳು. ಅತ್ತೆಯೊಬ್ಬಳು ಅಳಿಯನ ತಟ್ಟೆಯಲ್ಲಿ ಉಂಡದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಹಿತ್ತಲ ಹೆಂಗಸರು ಸೌಟು ಹಿಡಿದೇ ಬಂದು ಮೂಲೆಯಲ್ಲಿ ನಿಂತಿದ್ದರು.

ಜಾಫಾಲಿ ನಿಧಾನವಾಗಿ ಕೈ ತೊಳೆದ. ಅದೇ ತಟ್ಟೆಯಿಂದ ಮುರಿದ, ಅದ್ದಿದ, ಅಗಿದ. ಬಹಳ ಹೊತ್ತು ಅಗಿದ. ಆಮೇಲೆ ತಲೆ ಎತ್ತಿ ಅವಳ ಮುಖ ನೋಡಿದ.

"ಉಪ್ಪು ಕಮ್ಮಿ ಆಗಿದೆ, ಅಮ್ಮ."

ಸಾಲಿನಲ್ಲಿ ಯಾರೋ ನಗು ತಡೆದುಕೊಂಡು ಕೆಮ್ಮಿದರು. ಸ್ಟಂಬುಲಿ ತಂಗಿಯನ್ನು ನೋಡಿದ, ಅಳಿಯನ ಕುತ್ತಿಗೆಯನ್ನು ನೋಡಿದ, ಕೋಲನ್ನು ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿದ.

"ಕೇಳಿಸ್ಲಿಲ್ವಾ?" ಎಂದು ಹೆಂಗಸರ ಕಡೆ ತಿರುಗಿ ಗದರಿದ. "ನಮ್ಮ ಅಳಿಯನಿಗೆ ಉಪ್ಪು ತಂದುಕೊಡಿ."

ಮೂವರು ಓಡಲು ತಿರುಗಿದರು. ಅಬಿಟಿ ಕೈ ಅಡ್ಡ ಹಿಡಿದು ತಡೆದು, ತಾನೇ ಎದ್ದಳು. ಅಡುಗೆಯ ಜಾಗಕ್ಕೆ ಬಂದು ಹಂಡೆಗಳ ನಡುವೆ ಉಪ್ಪಿನ ಡಬ್ಬ ಹುಡುಕಿದಳು. ರುಕಿಯಾ ಡಬ್ಬ ತಂದು ಅವಳ ಕೈಗಿಟ್ಟಳು.